ರೋಗಿಯನ್ನು ‘ಓವರ್’ ಕೊಡುವುದು ಹೇಗೆ?

ಬೆಂಗಳೂರಿನ ಆಸ್ಪತ್ರೆಗಳಲ್ಲಿ ಶಿಫ್ಟ್ ಮುಗಿಯುವ ಹೊತ್ತಿಗೆ ನರ್ಸ್‌ಗಳು ‘ಓವರ್ ಕೊಟ್ಟು ಬರ್ತೀನಿ ಇರು’ ಅನ್ನುವುದು ಕೇಳಿಸುತ್ತದೆ. ಕ್ರಿಕೆಟ್ ನೆನಪಾದರೆ ತಪ್ಪಿಲ್ಲ. ರೋಗಿಯ ಹೊಣೆಯನ್ನು ಮುಂದಿನವರಿಗೆ ಒಪ್ಪಿಸುವುದಕ್ಕೆ ನಮ್ಮಲ್ಲಿ ಇರುವ ಮಾತು ಅದು. ಕ್ಯಾಶುವಾಲ್ಟಿಯಿಂದ ಐಸಿಯುಗೆ, ಓಟಿಯಿಂದ (ಆಪರೇಷನ್ ಥಿಯೇಟರ್) ವಾರ್ಡಿಗೆ ಕಳಿಸುವಾಗ ಕಷ್ಟ ಜಾಸ್ತಿ. ಅಲ್ಲಿರುವವರು ಆ ರೋಗಿಯ ಮುಖವನ್ನೇ ನೋಡಿರುವುದಿಲ್ಲ ಅಲ್ವಾ?

ಮೊದಲು ಫೋನ್ ಮಾಡಿ. ಬೆಡ್ ಖಾಲಿ ಇದೆಯಾ, ಆಕ್ಸಿಜನ್ ಪಾಯಿಂಟ್ ಕೆಲಸ ಮಾಡುತ್ತಾ ಎಂದು ಕೇಳಿ. ಜೊತೆಗೆ ಒಯ್ಯುವ ಸಿಲಿಂಡರ್‌ನ ಮೀಟರ್ ನೋಡಿ. ಲಿಫ್ಟ್ ಮುಂದೆ ಸ್ಟ್ರೆಚರ್ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೇಳುವುದಕ್ಕೆ ‘ಎಸ್‌ಬಾರ್’ (SBAR: Situation, Background, Assessment, Recommendation) ಎಂಬ ಕ್ರಮವಿದೆ. ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು. ಈಗ ಏನಾಗಿದೆ, ಹಿನ್ನೆಲೆ ಏನು, ನಮಗೆ ಏನನ್ನಿಸುತ್ತದೆ, ಮುಂದೆ ಏನು ಮಾಡಬೇಕು, ಇಷ್ಟೇ. ಹೀಗೆ:

‘62 ವರ್ಷದ ಗಂಡಸು, ನ್ಯುಮೋನಿಯಾ. ಮೊದಲಿಂದ ಶುಗರ್ ಇದೆ. ಪೆನಿಸಿಲಿನ್ ಅಲರ್ಜಿ. 4 ಲೀಟರ್ ಆಕ್ಸಿಜನ್‌ನಲ್ಲಿ ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) 93, ಒಂದು ಗಂಟೆ ಹಿಂದೆ 96 ಇತ್ತು. ಇಳಿಯುತ್ತಾ ಇದೆ ಅನ್ನಿಸುತ್ತೆ. ಬ್ಲಡ್ ಕಲ್ಚರ್ ರಿಪೋರ್ಟ್ ಬರಬೇಕು. 90ಕ್ಕೆ ಇಳಿದರೆ ಕಾಯಬೇಡಿ, ಡ್ಯೂಟಿ ಡಾಕ್ಟರನ್ನು ಕರೆಯಿರಿ.’

ಇದರಲ್ಲಿ ಜನ ನುಂಗುವುದು ಕೊನೆಯ ಎರಡು ಮಾತು. ಬರಬೇಕಾದ ರಿಪೋರ್ಟ್ ಯಾರ ತಲೆಯಲ್ಲೂ ಇಲ್ಲದೆ ಲ್ಯಾಬಿನಲ್ಲೇ ಕೂತಿರುತ್ತದೆ.

ಬೆಡ್ ನಂಬರ್ ಹೇಳಿ ರೋಗಿಯನ್ನು ಗುರುತಿಸಬೇಡಿ. ಬೆಡ್ ಬದಲಾಗುತ್ತದೆ, ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುತ್ತಾರೆ. ‘ನೀವು ಲಕ್ಷ್ಮಮ್ಮನಾ?’ ಎಂದರೆ ಕಿವಿ ಕೇಳದ ಅಜ್ಜಿ ಸುಮ್ನೆ ತಲೆಯಾಡಿಸಿಬಿಡುತ್ತಾರೆ. ‘ನಿಮ್ಮ ಹೆಸರೇನಮ್ಮ?’ ಎಂದು ಕೇಳಿ, ಅವರೇ ಹೇಳಲಿ. ಆಮೇಲೆ ಕೈಪಟ್ಟಿಯ ಆಸ್ಪತ್ರೆ ನಂಬರನ್ನು ಕೇಸ್ ಶೀಟ್ ಜೊತೆ ತಾಳೆ ನೋಡಿ.

ಕೇಳಿಸಿಕೊಂಡವರು ತಿರುಗಿ ಹೇಳುವವರೆಗೆ ಓವರ್ ಮುಗಿದಿಲ್ಲ. ಹುಬ್ಬಳ್ಳಿಯ ಡಾಕ್ಟರು, ಕೇರಳದ ಸಿಸ್ಟರ್, ತೆಲುಗು ಮಾತಾಡುವ ರೋಗಿ, ಇದು ನಮ್ಮೂರಿನ ವಾರ್ಡು. ಇನ್ಸುಲಿನ್ ‘ಫಿಫ್ಟೀನ್’ ಎಂದದ್ದು ಫೋನಿನಲ್ಲಿ ‘ಫಿಫ್ಟಿ’ ಆದರೆ ಜೀವಕ್ಕೇ ಕುತ್ತು. ‘ಒನ್ ಫೈವ್, ಫಿಫ್ಟೀನ್ ಯೂನಿಟ್’ ಎಂದು ಬಿಡಿಸಿ ಹೇಳಿ. ಆ ಕಡೆಯವರು ಬರೆದುಕೊಂಡು ಓದಿ ಹೇಳಲಿ. ‘ಸರಿ ಸರಿ, ಗೊತ್ತಾಯ್ತು’ ಎಂದರೆ ಒಪ್ಪಬೇಡಿ.

ಟೈಮ್ ಎಲ್ಲಿದೆ ಅನ್ನುವವರಿಗೆ ಒಂದು ಮಾತು. ಅಮೆರಿಕ, ಕೆನಡಾದ 9 ಆಸ್ಪತ್ರೆಗಳ ಮಕ್ಕಳ ವಿಭಾಗದಲ್ಲಿ ಕಿರಿಯ ವೈದ್ಯರಿಗೆ ಇಂಥದೇ ಒಂದು ಕ್ರಮ ಕಲಿಸಿ ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ತಪ್ಪುಗಳು ಶೇ 23ರಷ್ಟು ಇಳಿದಿದ್ದವು. ಒಬ್ಬ ರೋಗಿಯ ಓವರ್ ಕೊಡಲು ಹಿಡಿದ ಹೊತ್ತು ಮೊದಲು 2.4 ನಿಮಿಷ, ಆಮೇಲೆ 2.5.

ಕೊನೆಗೆ ಇಬ್ಬರೂ ಮಂಚದ ಪಕ್ಕ ನಿಲ್ಲಿ. ಹೊದಿಕೆ ಸರಿಸಿ ಡ್ರಿಪ್, ಕ್ಯಾನುಲಾ (ನರಕ್ಕೆ ಹಾಕಿದ ಸಣ್ಣ ಕೊಳವೆ), ಯೂರಿನ್ ಬ್ಯಾಗ್, ಡ್ರೆಸಿಂಗ್ ಒಟ್ಟಿಗೆ ನೋಡಿ. ಟೈಮ್ ಬರೆದು ಇಬ್ಬರೂ ಸಹಿ ಹಾಕಿ. ಖಾಲಿ ಸ್ಟ್ರೆಚರ್ ತಳ್ಳಿಕೊಂಡು ಬರುವಾಗ, ಕ್ಯಾಶುವಾಲ್ಟಿ ಬಾಗಿಲಲ್ಲಿ ಇನ್ನೂ ಕಾಯುತ್ತಿರುವ ಮಗನಿಗೆ ಹೇಳಿ: ‘ನಿಮ್ಮ ತಂದೆಯವರನ್ನ ಮೂರನೇ ಮಹಡಿಗೆ ಶಿಫ್ಟ್ ಮಾಡಿದೀವಿ.’