ಒಂದೇ ಗೋಧಿ, ನಾಲ್ಕು ಟ್ರೇ

ಗೋಧಿ ಹುಲ್ಲಿನ ರಸ ಕುಡಿಯಲು ಶುರು ಮಾಡಿದಾಗ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಮಣ್ಣಲ್ಲೇ ಬೆಳೆಸಬೇಕಾ, ಸುಮ್ನೆ ಒದ್ದೆ ಬಟ್ಟೆ ಸಾಕಾ? ಒಬ್ಬೊಬ್ಬರು ಒಂದೊಂದು ಹೇಳಿದರು. ನೋಡೇ ಬಿಡೋಣ ಅಂತ ಮೈಸೂರಿನ ನಮ್ಮ ಮನೆ ಬಾಲ್ಕನಿಯಲ್ಲಿ ನಾಲ್ಕು ಟ್ರೇ ಜೋಡಿಸಿದೆ. ಒಂದರಲ್ಲಿ ಮೂರು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಎರೆಗೊಬ್ಬರ, ಒಂದರಲ್ಲಿ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಇನ್ನೊಂದರಲ್ಲಿ ಬರೀ ಎರೆಗೊಬ್ಬರ, ಕೊನೆಯದರಲ್ಲಿ ಹತ್ತಿ ಬಟ್ಟೆ.

ಪ್ರತಿ ಟ್ರೇಗೆ 100 ಗ್ರಾಂ ಗೋಧಿ. ಅಡುಗೆಗೆ ತಂದದ್ದೇ ಸಾಕು. ಬಣ್ಣ ಹಚ್ಚಿದ ಬಿತ್ತನೆ ಬೀಜ ಮಾತ್ರ ಬೇಡವೇ ಬೇಡ, ಅದಕ್ಕೆ ಔಷಧಿ ಸವರಿರುತ್ತಾರೆ. ರಾತ್ರಿಯಿಡೀ ನೆನೆಸಿ, ಒಂದು ದಿನ ಬಟ್ಟೆಯಲ್ಲಿ ಕಟ್ಟಿಟ್ಟು, ಬಿಳಿ ಮೊಳಕೆ ಇಣುಕಿದ ಮೇಲೆ ಹರಡಿದೆ.

ಮೊದಲ ಐದು ದಿನ ನಾಲ್ಕೂ ಹೆಚ್ಚುಕಮ್ಮಿ ಒಂದೇ ಥರ ಇದ್ದವು. ಆಮೇಲೆ ಅರ್ಥವಾಯಿತು, ಕಾಳು ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬಂದಿರುತ್ತದೆ. ಆ ಬುತ್ತಿ ಮುಗಿಯುವವರೆಗೆ ಅದಕ್ಕೆ ಬೇಕಾದದ್ದು ನೀರು, ಗಾಳಿ, ಬೆಳಕು ಅಷ್ಟೇ.

ಆರನೇ ದಿನ ಬಟ್ಟೆಯ ಟ್ರೇಯ ಬೇರುಗಳ ಸುತ್ತ ಬಿಳಿ ನೂಲಿನಂಥದ್ದು ಕಂಡಿತು. ಬೂಷ್ಟು ಅಂತ ಎದೆ ಧಸಕ್ ಎಂದಿತು. ನೀರು ಚಿಮುಕಿಸಿದರೆ ಮಾಯ! ಅದು ಬೇರಿನ ರೋಮ. ನಿಜವಾದ ಬೂಷ್ಟು ಬಂದದ್ದು ಬರೀ ಎರೆಗೊಬ್ಬರದ ಟ್ರೇಯಲ್ಲಿ. ನೀರು ಹಿಡಿದಿಟ್ಟುಕೊಂಡು ಬುಡಕ್ಕೆ ಗಾಳಿಯಾಡದೆ ಹುಳಿ ವಾಸನೆ ಹೊಡೆಯಿತು. ನೀರು ಚಿಮುಕಿಸಿದರೂ ಆ ಬೂದು ಜೇಡರಬಲೆ ಹಾಗೇ ಇತ್ತು. ಪೂರ್ತಿ ಎಸೆದೆ.

ಎಂಟನೇ ದಿನಕ್ಕೆ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. ಮಣ್ಣಿನ ಹುಲ್ಲು ಕಡುಹಸಿರು, ಎಲೆ ಅಗಲ. ಬೆಳಗ್ಗೆ ಪ್ರತಿ ತುದಿಯಲ್ಲೂ ಒಂದೊಂದು ಹನಿ. ಅದು ಇಬ್ಬನಿಯಲ್ಲ, ಬೇರು ಮೇಲಕ್ಕೆ ತಳ್ಳಿದ ನೀರು. ಕೋಕೋಪೀಟ್ ಹುಲ್ಲೂ ಅಷ್ಟೇ ಎತ್ತರ, ಆದರೆ ಬಣ್ಣ ತಿಳಿ. ಕೋಕೋಪೀಟ್ ನೀರು ಚೆನ್ನಾಗಿ ಹಿಡಿಯುತ್ತದೆ, ಗಿಡಕ್ಕೆ ಕೊಡುವ ಸಾರ ಮಾತ್ರ ಕಡಿಮೆ. ಅದರಲ್ಲಿ ಉಪ್ಪಿನಂಶ ಇರಬಹುದು, ಎರಡು ಮೂರು ಸಲ ತೊಳೆದೇ ಬಳಸಿ. ಬಟ್ಟೆಯ ಹುಲ್ಲಿನ ತುದಿ ಹಳದಿಗೆ ತಿರುಗಿತ್ತು. ಎಲೆಯ ಹಸಿರಿಗೆ ಸಾರಜನಕ, ಮೆಗ್ನೀಸಿಯಂ, ಕಬ್ಬಿಣ ಬೇಕು. ಬುತ್ತಿ ಖಾಲಿಯಾದ ಮೇಲೆ ಬಟ್ಟೆ ಅದನ್ನೆಲ್ಲ ಎಲ್ಲಿಂದ ಕೊಡಬೇಕು, ಅಲ್ವಾ?

ಹಾಗಂತ ಬಟ್ಟೆಯಲ್ಲಿ ಬೆಳೆಸುವವರು ಬೇಜಾರಾಗಬೇಡಿ. ಏಳು ದಿನದೊಳಗೆ ಕೊಯ್ದರೆ ನಷ್ಟ ಜಾಸ್ತಿ ಇಲ್ಲ. ಬೆಳಕು ಕಡಿಮೆಯಾದರೆ ಮಣ್ಣಿನ ಹುಲ್ಲೂ ಬಿಳಿಚಿಕೊಳ್ಳುತ್ತದೆ. ಇನ್ನು ಕೊಯ್ದಿಟ್ಟಷ್ಟೂ ವಿಟಮಿನ್ ಸಿ ಇಳಿಯುತ್ತಾ ಹೋಗುತ್ತದೆ. ಯಾವುದರಲ್ಲಿ ಬೆಳೆಸಿದರೂ ಕತ್ತರಿಸಿದ ಕೂಡಲೇ ಅರೆದು ಕುಡಿಯಿರಿ. ರಸದಲ್ಲಿ ನೂರಕ್ಕೆ 70 ಪಾಲು ಕ್ಲೋರೋಫಿಲ್, ಅಂದರೆ ಎಲೆಗೆ ಹಸಿರು ಕೊಡುವ ವಸ್ತು, ಇದೆ ಅನ್ನುವ ಮಾತು ನಂಬಬೇಡಿ. ಹಸಿ ಹುಲ್ಲಿನಲ್ಲಿ ಹೆಚ್ಚಿನ ಪಾಲು ನೀರೇ.

ಎರಡನೇ ಕೊಯ್ಲು ಕೊಟ್ಟದ್ದು ಮಣ್ಣಿನ ಟ್ರೇ ಮಾತ್ರ. ಅದೂ ತೆಳ್ಳಗೆ, ಮೊದಲಿನ ಸಿಹಿ ಇಲ್ಲ. ಈಗ ಒಂದೇ ಕೊಯ್ಲು ತೆಗೆಯುತ್ತೇನೆ. ಬೇರು ಹೆಣೆದುಕೊಂಡು ಚಾಪೆಯ ಹಾಗೆ ಇಡಿಯಾಗಿ ಎದ್ದು ಬರುತ್ತದೆ. ಅದನ್ನು ಮಗುಚಿ ಕರಿಬೇವಿನ ಕುಂಡದ ಬುಡಕ್ಕೆ ಹಾಸುತ್ತೇನೆ.