ಮೇಜು ಎಣಿಸಬಹುದು, ‘ಫರ್ನಿಚರ್’ ಎಣಿಸುವಂತಿಲ್ಲ: ಇಂಗ್ಲಿಷಿನ ಕೌಂಟಬಲ್, ಅನ್‌ಕೌಂಟಬಲ್ ನಾಮಪದಗಳು

ಎಣಿಸಲು ಬರುವುದು ಕೌಂಟಬಲ್, ಬಾರದ್ದು ಅನ್‌ಕೌಂಟಬಲ್ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ನೀರು, ಗಾಳಿ, ಮರಳಿನ ಮಟ್ಟಿಗೆ ಇಷ್ಟು ಸಾಕು. ಆದರೆ ಕೋಣೆಯಲ್ಲಿರುವ ಮೇಜು, ಕುರ್ಚಿ, ಮಂಚವನ್ನು ಯಾರು ಬೇಕಾದರೂ ಎಣಿಸಬಹುದು. ಹಾಗಿದ್ದೂ ‘ಫರ್ನಿಚರ್ಸ್’ ತಪ್ಪು. ಹಣ ಎಣಿಸುತ್ತಲೇ ಇರುತ್ತೇವೆ, ಆದರೂ ‘ಮನಿ’ ಅನ್‌ಕೌಂಟಬಲ್. ಈ ಗುಣ ಪದಕ್ಕೆ ಅಂಟಿಕೊಂಡದ್ದು, ವಸ್ತುವನ್ನು ನೋಡಿ ಊಹಿಸಲು ಹೋದರೆ ಎಡವುತ್ತೀರಿ. ಹೊಸ ಪದ ಕಲಿಯುವಾಗಲೇ ಅದು ಯಾವ ಗುಂಪಿನದೆಂದು ನೋಡಿಬಿಡಿ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟುಗಳಲ್ಲಿ ಸಾಮಾನ್ಯವಾಗಿ ಕೌಂಟಬಲ್‌ಗೆ ‘ಸಿ’, ಅನ್‌ಕೌಂಟಬಲ್‌ಗೆ ‘ಯು’ ಅಕ್ಷರ ಹಾಕಿರುತ್ತಾರೆ.

ಕನ್ನಡದ ರೂಢಿ ಎಲ್ಲಿ ತೊಡಕಾಗುತ್ತದೆ

‘ಮೂರು ಪುಸ್ತಕ ತಂದೆ’ ಅನ್ನುವುದು ನಮಗೆ ಸಹಜ. ಸಂಖ್ಯೆ ಹೇಳಿಯಾಯಿತಲ್ಲ, ‘ಗಳು’ ಯಾಕೆ? ಇಂಗ್ಲಿಷ್ ಈ ವಿನಾಯಿತಿ ಕೊಡುವುದಿಲ್ಲ: ‘ತ್ರೀ ಬುಕ್ಸ್’ ಎಂದೇ ಆಗಬೇಕು. ಇನ್ನೊಂದು ಕಡೆ, ಮಾಹಿತಿಗಳು, ಸಲಹೆಗಳು, ಉಪಕರಣಗಳು ಎಂದು ನಾವು ಆರಾಮಾಗಿ ಬಹುವಚನ ಮಾಡುತ್ತೇವೆ. ‘ಇನ್ಫರ್ಮೇಶನ್ಸ್’, ‘ಅಡ್ವೈಸಸ್’, ‘ಇಕ್ವಿಪ್‌ಮೆಂಟ್ಸ್’ ಹುಟ್ಟುವುದು ಅಲ್ಲಿಂದಲೇ. ಮೂರಕ್ಕೂ ‘ಎಸ್’ ಬೇಡ.

‘ಒಂದು’ ಕೂಡ ಹೀಗೇ ಕೈಕೊಡುತ್ತದೆ. ‘ಒಂದು ಒಳ್ಳೆಯ ಸುದ್ದಿ ಇದೆ’ ಎಂಬುದನ್ನು ‘ಐ ಹ್ಯಾವ್ ಎ ಗುಡ್ ನ್ಯೂಸ್’ ಅಂದರೆ ತಪ್ಪು, ಅನ್‌ಕೌಂಟಬಲ್ ಪದದ ಹಿಂದೆ ‘ಎ’, ‘ಆ್ಯನ್’ ನಿಲ್ಲುವುದಿಲ್ಲ. ‘ಸಮ್ ಗುಡ್ ನ್ಯೂಸ್’ ಅನ್ನಿ. ‘ನ್ಯೂಸ್’ ಕೊನೆಯಲ್ಲಿ ‘ಎಸ್’ ಇದ್ದರೂ ಅದು ಏಕವಚನ, ‘ದ ನ್ಯೂಸ್ ಈಸ್ ಗುಡ್’ ಸರಿ. ಕೌಂಟಬಲ್ ಪದದ ಏಕವಚನಕ್ಕೆ ಇದರ ತದ್ವಿರುದ್ಧ ನಿಯಮ: ಅದು ಒಂಟಿಯಾಗಿ ನಿಲ್ಲಲಾರದು. ‘ಐ ಬಾಟ್ ಬುಕ್’ ಅನ್ನುವಂತಿಲ್ಲ. ‘ಎ ಬುಕ್’, ‘ದ ಬುಕ್’, ‘ಮೈ ಬುಕ್’, ಯಾವುದಾದರೊಂದು ಜೊತೆಗಿರಲೇಬೇಕು.

ಜೋಡಿಯಾಗಿ ಬರೆದಿಟ್ಟುಕೊಳ್ಳಿ

ಉದ್ದನೆಯ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ. ಇಂಗ್ಲಿಷಿನಲ್ಲಿ ಅನೇಕ ವೇಳೆ ಇಡೀ ವರ್ಗಕ್ಕಿರುವ ಹೆಸರು ಅನ್‌ಕೌಂಟಬಲ್, ಅದರೊಳಗಿನ ಬಿಡಿ ವಸ್ತುವಿನ ಹೆಸರು ಕೌಂಟಬಲ್. ನೋಟ್‌ಬುಕ್ಕಿನ ಒಂದೇ ಸಾಲಿನಲ್ಲಿ ಎರಡನ್ನೂ ಬರೆಯಿರಿ: ಫರ್ನಿಚರ್–ಚೇರ್, ಲಗೇಜ್–ಬ್ಯಾಗ್, ಮಷೀನರಿ–ಮಷೀನ್, ಪೊಯೆಟ್ರಿ–ಪೊಯೆಮ್, ಟ್ರಾಫಿಕ್–ವೆಹಿಕಲ್, ಹೋಮ್‌ವರ್ಕ್–ಅಸೈನ್‌ಮೆಂಟ್. ನಮಗೆ ಅತಿ ಹೆಚ್ಚು ಬೇಕಾಗುವ ಜೋಡಿ ವರ್ಕ್–ಜಾಬ್. ಕೆಲಸ ಸಿಕ್ಕಿತು ಅನ್ನಲು ‘ಐ ಗಾಟ್ ಎ ವರ್ಕ್’ ಬೇಡ, ‘ಐ ಗಾಟ್ ಎ ಜಾಬ್’ ಅನ್ನಿ.

ಬಿಡಿ ಪದ ಇಲ್ಲದಿದ್ದರೆ ಅಳತೆಯ ಪದ ಸೇರಿಸಬೇಕು: ‘ಎ ಪೀಸ್ ಆಫ್ ಅಡ್ವೈಸ್’, ‘ಎ ಬಾರ್ ಆಫ್ ಸೋಪ್’. ಬಹುವಚನ ಹತ್ತುವುದು ಅಳತೆಗೆ ಮಾತ್ರ, ‘ಟೂ ಪೀಸಸ್ ಆಫ್ ಅಡ್ವೈಸ್’. ‘ಎರಡು ಲೋಟ ನೀರು’ ಎಂದು ಹೇಳಿ ರೂಢಿಯಾದ ನಾಲಿಗೆಗೆ ‘ಟೂ ಗ್ಲಾಸ್ ವಾಟರ್’ ಬಂದುಬಿಡುತ್ತದೆ. ಅಲ್ಲಿ ಬಿಟ್ಟುಹೋದದ್ದು ಎರಡು: ಗ್ಲಾಸಿನ ಬಹುವಚನದ ‘ಇಎಸ್’ ಮತ್ತು ‘ಆಫ್’. ‘ಟೂ ಗ್ಲಾಸಸ್ ಆಫ್ ವಾಟರ್’ ಎಂದು ಬಾಯಿಬಿಟ್ಟು ಹತ್ತು ಸಲ ಹೇಳಿ, ನಾಲಿಗೆ ತಾನೇ ಹೊಂದಿಕೊಳ್ಳುತ್ತದೆ.

‘ಎಷ್ಟು’, ‘ಸ್ವಲ್ಪ’

ಹಾಲಿಗೂ ಪುಸ್ತಕಕ್ಕೂ ನಮ್ಮ ‘ಎಷ್ಟು’ ಒಂದೇ. ಇಂಗ್ಲಿಷಿನಲ್ಲಿ ‘ಹೌ ಮಚ್ ಮಿಲ್ಕ್’, ‘ಹೌ ಮೆನಿ ಬುಕ್ಸ್’ ಎಂದು ಬೇರೆ ಬೇರೆ. ಅನುಮಾನ ಬಂದಾಗ ‘ಎ ಲಾಟ್ ಆಫ್’, ‘ಸಮ್’, ‘ಇನಫ್’ ಬಳಸಿ, ಇವು ಎರಡು ಗುಂಪಿಗೂ ಒಗ್ಗುತ್ತವೆ.

‘ಲಿಟಲ್’ ಮತ್ತು ‘ಎ ಲಿಟಲ್’ ಬೇರೆ. ‘ಐ ಹ್ಯಾವ್ ಎ ಲಿಟಲ್ ಮನಿ’ ಅಂದರೆ ಸ್ವಲ್ಪ ಹಣ ಇದೆ, ನಡೆಯುತ್ತದೆ. ‘ಎ’ ತೆಗೆದರೆ ಹಣ ಇಲ್ಲವೆನ್ನುವಷ್ಟು ಕಮ್ಮಿ ಎಂದಾಗುತ್ತದೆ. ಕೌಂಟಬಲ್ ಪದಗಳ ಜೊತೆ ಇದೇ ಕೆಲಸ ಮಾಡುವುದು ‘ಎ ಫ್ಯೂ’ ಮತ್ತು ‘ಫ್ಯೂ’.

ಎರಡೂ ಕಡೆ ಸಲ್ಲುವ ಪದಗಳು

ಇಲ್ಲಿ ಅರ್ಥವೇ ಬದಲಾಗುವುದರಿಂದ ನಿಧಾನವಾಗಿ ಓದಿ. ತಲೆಗೂದಲು ಒಟ್ಟಾರೆಯಾಗಿ ‘ಹೇರ್’, ‘ಹರ್ ಹೇರ್ ಈಸ್ ಲಾಂಗ್’. ತಟ್ಟೆಯಲ್ಲಿ ಕಂಡ ಒಂದೆಳೆ ‘ಎ ಹೇರ್’. ಬರೆಯುವ ಕಾಗದ ‘ಪೇಪರ್’, ಅದರ ಒಂದು ಹಾಳೆ ‘ಎ ಶೀಟ್ ಆಫ್ ಪೇಪರ್’. ‘ಎ ಪೇಪರ್’ ಅಂದರೆ ದಿನಪತ್ರಿಕೆಯೋ ಸಂಶೋಧನಾ ಲೇಖನವೋ ಆಗಿರುತ್ತದೆ, ‘ಪೇಪರ್ಸ್’ ಅಂದರೆ ದಾಖಲೆಪತ್ರಗಳೂ ಆಗಬಹುದು. ‘ವರ್ಕ್ಸ್’ ಅಂದರೆ ಸಾಹಿತಿ, ಕಲಾವಿದರ ಕೃತಿಗಳು. ಬಯೋಡೇಟಾದಲ್ಲಿ ಎಚ್ಚರಿಕೆ ಬೇಕಾದ ಪದ ‘ಎಕ್ಸ್‌ಪೀರಿಯೆನ್ಸ್’. ವೃತ್ತಿಯ ಅನುಭವ ಅನ್‌ಕೌಂಟಬಲ್, ‘ಫೈವ್ ಇಯರ್ಸ್ ಆಫ್ ಎಕ್ಸ್‌ಪೀರಿಯೆನ್ಸ್’ ಎಂದು ಬರೆಯಿರಿ. ಬದುಕಿನಲ್ಲಿ ನಡೆದ ಒಂದು ಘಟನೆಯ ಅನುಭವವಾದರೆ ‘ಆ್ಯನ್ ಎಕ್ಸ್‌ಪೀರಿಯೆನ್ಸ್’, ಹಲವಾದರೆ ‘ಎಸ್’ ಸೇರಿಸಬಹುದು.

ಅಭ್ಯಾಸಕ್ಕೆ ನೀವೇ ಬರೆದ ಹಳೆಯ ಇಮೇಲ್‌ಗಳು ಸಾಕು. ಹುಡುಕುವ ಜಾಗದಲ್ಲಿ ‘ಇನ್ಫರ್ಮೇಶನ್ಸ್’, ‘ಅಡ್ವೈಸಸ್’, ‘ಲಗೇಜಸ್’ ಎಂದು ಒಂದೊಂದಾಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಸಿಕ್ಕಿದ ಪ್ರತಿ ವಾಕ್ಯವನ್ನೂ ಪೂರ್ತಿಯಾಗಿ ತಿದ್ದಿ ಬರೆಯಿರಿ, ಕ್ರಿಯಾಪದವನ್ನೂ ಸೇರಿಸಿ: ‘ಎಸ್’ ತೆಗೆದ ಮೇಲೆ ‘ಆರ್’ ಇದ್ದಲ್ಲಿ ‘ಈಸ್’ ಬರಬೇಕು, ‘ದೀಸ್’ ಇದ್ದಲ್ಲಿ ‘ದಿಸ್’. ‘ಹಿ ಅಡ್ವೈಸಸ್ ಮಿ’ ಸಿಕ್ಕರೆ ಮಾತ್ರ ‘ಎಸ್’ ತೆಗೆಯಬೇಡಿ, ಅಲ್ಲಿ ಅದು ಕ್ರಿಯಾಪದ; ಆದರೆ ಕ್ರಿಯಾಪದದ ಸ್ಪೆಲಿಂಗಿನಲ್ಲಿ ‘ಸಿ’ ಬದಲು ‘ಎಸ್’ (advises) ಇರಬೇಕು.