ಹಳೇ ದೊಡ್ಡ ಸ್ಪೀಕರ್‌ಗೆ ಮತ್ತೆ ದನಿ ಬರಿಸುವುದು ಹೇಗೆ?

ದಾವಣಗೆರೆಯ ಹಳೇ ಮನೆಗಳ ಅಟ್ಟದಲ್ಲಿ 12 ಇಂಚಿನ ವೂಫರ್ (ಬೇಸ್ ನುಡಿಸುವ ದೊಡ್ಡ ಭಾಗ) ಇರುವ ದೊಡ್ಡ ಸ್ಪೀಕರ್ ಜೋಡಿ ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ. ತಂದ ಕೂಡಲೇ ಆಂಪ್ಲಿಫೈಯರ್‌ಗೆ ಜೋಡಿಸಲೂಬೇಡಿ.

ಮೊದಲು ಮುಂದಿನ ಬಟ್ಟೆ ಬಿಚ್ಚಿ ಕೋನಿನ (ಅದುರಿ ದನಿ ಹೊರಡಿಸುವ ಬಟ್ಟಲಿನ) ಅಂಚು ಮುಟ್ಟಿ ನೋಡಿ. ಫೋಮ್ ಅಂಚು ಹಳೇದಾದರೆ ಪುಡಿಯಾಗಿ ಬೆರಳಿಗೆ ಅಂಟುತ್ತದೆ. ಕೋನ್ ಹರಿದಿಲ್ಲ ಅಂದ್ರೆ ಸಾಕು, ಫೋಮ್ ಮಾತ್ರ ಬದಲಿಸಬಹುದು. ಹಳೇ ಗೋಂದನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ನಿಧಾನಕ್ಕೆ ಕೆರೆಯಿರಿ. ಹೊಸ ಫೋಮನ್ನು ಮೊದಲು ಕೋನಿಗೆ ಅಂಟಿಸಿ. ಅದು ಒಣಗಿದ ಮೇಲೆ ಕಬ್ಬಿಣದ ಚೌಕಟ್ಟಿಗೆ. ಇಡೀ ಕೆಲಸದ ಜೀವ ಇರೋದು ಇಲ್ಲೇ. ಗೋಂದು ಹಸಿ ಇರುವಾಗಲೇ ಎರಡೂ ಕೈಯ ಬೆರಳಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒತ್ತಿ ಬಿಡಿ. ಕಿವಿ ಹತ್ತಿರ ಇಟ್ಟು ಕೇಳಿ. ಕರ್ ಅಂತ ಉಜ್ಜುವ ಸದ್ದು ಬಂದರೆ ಒಳಗಿನ ಕಾಯಿಲ್ (ತಂತಿಯ ಸುರುಳಿ) ತಾಗುತ್ತಿದೆ ಅಂತ ಅರ್ಥ. ಅಂಚನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಒತ್ತಿ ನೋಡಿ.

ಕ್ರಾಸ್‌ಓವರ್‌ನ (ಬೇಸ್ ಮತ್ತು ತೆಳು ದನಿಯನ್ನು ಬೇರೆ ಮಾಡುವ ಒಳಗಿನ ಸರ್ಕ್ಯೂಟ್) ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬದಲಿಸುವುದು ಒಳ್ಳೇದು. ಹಳೇದರ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್ ಇರಲಿ, ವೋಲ್ಟೇಜ್ ಜಾಸ್ತಿ ಇದ್ದರೂ ನಡೆಯುತ್ತೆ. ನಾನ್ ಪೋಲಾರ್ (ಪ್ಲಸ್ ಮೈನಸ್ ಭೇದ ಇಲ್ಲದ್ದು) ಆಗಿರಲೇಬೇಕು.

ಆಮೇಲೆ ಎರಡೂ ಸ್ಪೀಕರ್‌ನ ಹಿಂದೆ ವೈರ್ ಜೋಡಿಸುವ ಕಡೆ, ಪ್ಲಸ್‌ಗೆ ಪ್ಲಸ್ ಇಟ್ಟು, 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿ. ಎರಡೂ ವೂಫರ್ ಒಂದೇ ದಿಕ್ಕಿಗೆ ಜಿಗಿಯಬೇಕು. ಇಲ್ಲದಿದ್ದರೆ ವೈರ್ ಅದಲು ಬದಲಾಗಿದೆ, ಬೇಸ್ ಸತ್ತೇ ಹೋಗುತ್ತೆ.

ನಾನು ಕಡಪ ಕಲ್ಲಿನ ಮೇಲೆ, ಗೋಡೆಯಿಂದ ಎರಡಡಿ ಬಿಟ್ಟು ಇಟ್ಟಿದ್ದೇನೆ. ಮೂಲೆಗೆ ತಳ್ಳಿದರೆ ತಬಲಾದ ಎಡ ಗುಂಯ್ ಅನ್ನುತ್ತೆ. ಟ್ವೀಟರ್ (ತೆಳು ದನಿ ನುಡಿಸುವ ಚಿಕ್ಕ ಭಾಗ) ಕೂತವರ ಕಿವಿಯ ಎತ್ತರಕ್ಕಿರಲಿ. ಬರೀ ನೆಲ ಇದ್ದರೆ ಮುಂದೆ ಒಂದು ಜಮಖಾನ ಹಾಸಿ.